ಕಸದ ಯಂತ್ರ ಕೊಳ್ಳುವುದಕ್ಕೆ ಮುಂಚೆ: ಒಂದು ವಾರ್ಡನ್ನು ಸರಿಪಡಿಸುವ ಕ್ರಮ

ಊರಿನ ಕಸ ಕೈಮೀರಿತು ಎಂದಾಗಲೆಲ್ಲ ಸಭೆಯಲ್ಲಿ ಮೊದಲು ಏಳುವ ಮಾತು 'ಒಂದು ಒಳ್ಳೆಯ ಪ್ಲಾಂಟ್ ಹಾಕಿಸಿಬಿಡೋಣ' ಎಂಬುದು. ದೆಹಲಿಯವರು ಅದನ್ನು ಬಹಳ ಹಿಂದೆಯೇ ಮಾಡಿ ನೋಡಿದ್ದಾರೆ. 1980ರ ದಶಕದಲ್ಲಿ ತಿಮಾರ್‌ಪುರದಲ್ಲಿ ಡೆನ್ಮಾರ್ಕಿನ ತಂತ್ರಜ್ಞಾನ ತರಿಸಿ, ದಿನಕ್ಕೆ 300 ಟನ್ ಕಸ ಸುಡುವ ಸ್ಥಾವರ ಕಟ್ಟಿದರು. ಅದು ಕೆಲವೇ ವಾರ ನಡೆದು ನಿಂತುಹೋಯಿತು. ಕಾರಣ ಸರಳ: ದೆಹಲಿಯ ಕಸ ಉರಿಯಲಿಲ್ಲ. ಸಿಪ್ಪೆ, ಅನ್ನ, ಧೂಳು, ಮಣ್ಣು ತುಂಬಿದ ಕಸವನ್ನು ಸುಡಬೇಕಾದರೆ ಮೊದಲು ಅದರ ನೀರನ್ನು ಆರಿಸಬೇಕು, ಅದಕ್ಕೇ ಬೇರೆ ಇಂಧನ ಬೇಕು. ಯಂತ್ರ ತರಿಸಿದವರು ಯಂತ್ರಕ್ಕೆ ಏನು ಉಣಿಸುತ್ತೇವೆ ಎಂಬುದನ್ನು ಲೆಕ್ಕ ಹಾಕಿರಲಿಲ್ಲ.

ವಿಶ್ವಬ್ಯಾಂಕ್ 2018ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ 2016ರಲ್ಲಿ ಜಗತ್ತಿನ ಊರುಗಳಿಂದ ಹೊರಬಿದ್ದ ಘನತ್ಯಾಜ್ಯ 201 ಕೋಟಿ ಟನ್. ಅದರಲ್ಲಿ ಕನಿಷ್ಠ ಮೂರನೆಯ ಒಂದು ಪಾಲು ಸುರಕ್ಷಿತವಾಗಿ ವಿಲೇವಾರಿಯಾಗುತ್ತಿರಲಿಲ್ಲ. ಇದೇ ದಾರಿಯಲ್ಲಿ ಹೋದರೆ 2050ಕ್ಕೆ ಅದು 340 ಕೋಟಿ ಟನ್ ಮುಟ್ಟುತ್ತದೆ. ಇಷ್ಟು ದೊಡ್ಡ ಅಂಕಿಯ ಎದುರು ಒಂದು ವಾರ್ಡ್ ಏನು ಮಹಾ ಎನಿಸಬಹುದು. ಆದರೆ ಕಸದಲ್ಲಿ ಗೆದ್ದ ಊರುಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ ಕಾಣುವುದು ಒಂದೇ ಸಂಗತಿ: ಮನೆಯವರ ಕೈಯಿಂದ ಗಾಡಿಯವರ ಕೈಗೆ ಕಸ ದಾಟುವ ಕ್ಷಣವನ್ನು ಅವರು ಮೊದಲು ಸರಿಮಾಡಿಕೊಂಡರು, ಯಂತ್ರಗಳನ್ನು ಆಮೇಲೆ ಕೊಂಡರು. ಸೋತ ಊರುಗಳು ಇದನ್ನು ತಿರುಗುಮುರುಗು ಮಾಡಿದವು.

ಕೆಳಗಿನ ಕ್ರಮ ವಾರ್ಡ್ ಸಮಿತಿಗಳಿಗೆ, ಬಡಾವಣೆಯ ಸಂಘಗಳಿಗೆ, ಸಣ್ಣ ಊರಿನ ಪುರಸಭಾ ಸದಸ್ಯರಿಗೆ. 500 ಮನೆಗಳ ಪ್ರದೇಶವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

1. ಮೊದಲು ತೂಗಿ

ಒಂದು ರಸ್ತೆ ಆರಿಸಿಕೊಳ್ಳಿ, ನೂರು ಮನೆ ಸಾಕು. ಸತತ ಏಳು ದಿನ ಅಲ್ಲಿಯ ಕಸವನ್ನೆಲ್ಲ ಒಂದು ಕಡೆ ತರಿಸಿ, ಟಾರ್ಪಾಲಿನ್ ಮೇಲೆ ಸುರಿದು ವಿಂಗಡಿಸಿ ತೂಗಿ. ಭಾನುವಾರವನ್ನು ಬಿಡಬೇಡಿ, ಬಾಡೂಟದ ದಿನದ ಕಸದ ಸ್ವಭಾವವೇ ಬೇರೆ. ಹಬ್ಬದ ವಾರ ಮಾತ್ರ ಬೇಡ. ಆಯುಧಪೂಜೆಯ ಮರುದಿನ ಬೆಂಗಳೂರಿನ ಮೂಲೆಮೂಲೆಯಲ್ಲಿ ಬೀಳುವ ಬಾಳೆಕಂದು, ಒಡೆದ ಬೂದುಗುಂಬಳ ಲೆಕ್ಕಕ್ಕೆ ಸೇರಿಕೊಂಡರೆ ಆ ಲೆಕ್ಕ ವರ್ಷಪೂರ್ತಿ ದಾರಿ ತಪ್ಪಿಸುತ್ತದೆ.

ನಾಲ್ಕು ರಾಶಿ ಮಾಡಿ. ಹಸಿ ಕಸ ಒಂದು. ಗುಜರಿಯವನು ದುಡ್ಡು ಕೊಟ್ಟು ಒಯ್ಯುವ ಒಣ ಕಸ ಇನ್ನೊಂದು. ಅವನು ಮೂಸಿಯೂ ನೋಡದ ಒಣ ಕಸ ಮೂರನೆಯದು. ಡೈಪರ್, ಸ್ಯಾನಿಟರಿ ಪ್ಯಾಡ್, ಬ್ಲೇಡು, ಬ್ಯಾಟರಿ, ಔಷಧಿಯ ಪಟ್ಟಿಗಳು ನಾಲ್ಕನೆಯದು. ಪಕ್ಕದ ಗುಜರಿ ಅಂಗಡಿಯ ತಕ್ಕಡಿ ಒಂದು ವಾರಕ್ಕೆ ಬಾಡಿಗೆಗೆ ಸಿಗುತ್ತದೆ. ವಿಂಗಡಿಸುವವರಿಗೆ ದಪ್ಪ ಕೈಗವಸು, ಬೂಟು ಕೊಡಿ, ಮೊದಲೇ ಟೆಟನಸ್ ಚುಚ್ಚುಮದ್ದು ಹಾಕಿಸಿ. ಈ ಕೆಲಸವನ್ನು ಪೂರ್ತಿಯಾಗಿ ಪೌರಕಾರ್ಮಿಕರ ಮೇಲೆ ಹೊರಿಸಬೇಡಿ. ಸಂಘದ ಅಧ್ಯಕ್ಷರು ಒಂದು ದಿನವಾದರೂ ಟಾರ್ಪಾಲಿನ್ ಮೇಲೆ ಬಗ್ಗಿದರೆ ಮುಂದಿನ ಎಷ್ಟೋ ಸಭೆಗಳ ವಾದ ಉಳಿಯುತ್ತದೆ.

ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ತೂಕ ಹಸಿ ಕಸದ್ದೇ. 500 ಮನೆ, ಮನೆಗೆ ನಾಲ್ಕು ಜನ, ತಲೆಗೆ 400 ಗ್ರಾಂ ಎಂದು ಹಿಡಿದರೆ ದಿನಕ್ಕೆ 800 ಕೆಜಿ. ಅದರಲ್ಲಿ 400 ಕೆಜಿಗೂ ಮೇಲೆ ಸಿಪ್ಪೆ, ತಂಗಳು, ಚಹಾದ ಚರಟ. ಈ ಅಂಕಿ ಕೈಯಲ್ಲಿದ್ದರೆ ಎಷ್ಟು ಜಾಗ ಬೇಕು, ಎಷ್ಟು ಗಾಡಿ ಬೇಕು ಎಂಬುದು ಊಹೆಯ ಮಾತಾಗಿ ಉಳಿಯುವುದಿಲ್ಲ.

2. ಗಾಡಿಯನ್ನು ಮೊದಲು ತಿದ್ದಿ, ಮನೆಯವರನ್ನು ಆಮೇಲೆ

ಜಾಗೃತಿ ಕಾರ್ಯಕ್ರಮ, ಬೀದಿನಾಟಕ, ಕರಪತ್ರ ಎಲ್ಲವೂ ಆಗಿ, ಜನ ಎರಡು ಬುಟ್ಟಿಯಲ್ಲಿ ಕಸ ಹಿಡಿದು ಬಾಗಿಲಿಗೆ ಬಂದರು ಎನ್ನಿ. ಆಟೋ ಟಿಪ್ಪರ್ ಬಂದು ಎರಡನ್ನೂ ಒಂದೇ ಹೊಟ್ಟೆಗೆ ಸುರಿದುಕೊಂಡು ಹೋಯಿತು. ಅಲ್ಲಿಗೆ ಮುಗಿಯಿತು. 'ಅವರೇ ಬೆರೆಸುತ್ತಾರೆ, ನಾವೇಕೆ ಬೇರ್ಪಡಿಸಬೇಕು' ಎಂಬ ಮಾತು ಒಮ್ಮೆ ಬಾಯಿಗೆ ಬಂದರೆ ಅದನ್ನು ಕೀಳಲು ವರ್ಷಗಳು ಬೇಕು. ಆದ್ದರಿಂದ ಒಂದು ಕರಪತ್ರವನ್ನೂ ಹಂಚುವ ಮೊದಲು ಗಾಡಿಯೊಳಗೆ ತಡೆ ಹಾಕಿಸಿ, ಇಲ್ಲವೇ ಒಣ ಕಸಕ್ಕೆ ವಾರದಲ್ಲಿ ಎರಡು ಪ್ರತ್ಯೇಕ ದಿನ ಗೊತ್ತುಮಾಡಿ.

ಬೆಂಗಳೂರಿನಲ್ಲಿ ಹೈಕೋರ್ಟಿನ ಆದೇಶದ ನಂತರ ಜನರ ಬಾಯಲ್ಲಿ ನೆಲೆನಿಂತ ಸೂತ್ರ ಎರಡು ಬುಟ್ಟಿ, ಒಂದು ಚೀಲ: ಹಸಿ ಕಸಕ್ಕೆ ಹಸಿರು ಬುಟ್ಟಿ, ಸ್ಯಾನಿಟರಿ ಮತ್ತು ತಿರಸ್ಕೃತ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಮೂರೇ ಭಾಗ, ಎಲ್ಲರಿಗೂ ನೆನಪಿರುತ್ತದೆ. ಇದರಲ್ಲಿ ಹೊಸತೇನಿಲ್ಲ. ಪ್ಯಾರಿಸ್ಸಿನ ಆಡಳಿತಾಧಿಕಾರಿಯೊಬ್ಬ 1883ರಲ್ಲೇ ಮನೆಮಾಲೀಕರೆಲ್ಲ ಮುಚ್ಚಳದ ಡಬ್ಬಿ ಇಡಬೇಕು, ಕೊಳೆಯುವುದು ಬೇರೆ, ಕಾಗದ ಬಟ್ಟೆ ಬೇರೆ, ಗಾಜು ಪಿಂಗಾಣಿ ಬೇರೆ ಎಂದು ಆಜ್ಞೆ ಹೊರಡಿಸಿದ್ದ. ಅತ್ತ ಜಪಾನಿನ ಕಾಮಿಕಾತ್ಸು ಎಂಬ ಪುಟ್ಟ ಊರು 45 ಬಗೆಯಾಗಿ ವಿಂಗಡಿಸುತ್ತದೆ ಎಂಬ ಸುದ್ದಿ ನಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅಲ್ಲಿರುವುದು ಸುಮಾರು ಒಂದೂವರೆ ಸಾವಿರ ಜನ, ತಮ್ಮ ಕಸವನ್ನು ತಾವೇ ಕೇಂದ್ರಕ್ಕೆ ಒಯ್ಯುತ್ತಾರೆ. ಮೆಚ್ಚೋಣ, ಆದರೆ ನಮ್ಮ ವಾರ್ಡಿಗೆ ತರುವ ಹಟ ಬೇಡ.

ಗಾಡಿ ಆಯಿತು, ಇನ್ನು ಗಂಟೆ. ಒಂದು ಮನೆಯ ಮುಂದೆ 20 ಸೆಕೆಂಡು ನಿಂತರೂ 500 ಮನೆಗೆ ಎರಡು ಮುಕ್ಕಾಲು ಗಂಟೆ ಬೇಕು. ಅದರ ಮೇಲೆ ಓಡಾಟ, ಇಳಿಸುವುದು, ತಿರುವಿನಲ್ಲಿ ಅಡ್ಡ ನಿಲ್ಲಿಸಿದ ಕಾರು. ಚಾಲಕ ಹತ್ತು ಸೆಕೆಂಡಿನಲ್ಲಿ ಮುಗಿಸಬೇಕಾದರೆ ಅವನು ಬುಟ್ಟಿಯೊಳಗೆ ಇಣುಕಿ ನೋಡುವುದಿಲ್ಲ. ಬೇರ್ಪಡಿಸದ ಕಸವನ್ನು ಒಪ್ಪಿಕೊಳ್ಳಬೇಡ ಎಂದು ಅವನಿಗೆ ಹೇಳುವ ಮುಂಚೆ, ಇಲ್ಲ ಎನ್ನಲು ಬೇಕಾದ ಸಮಯವನ್ನೂ ಒಬ್ಬ ಸಹಾಯಕನನ್ನೂ ಕೊಡಬೇಕು. ಮನೆಯವರು ಜೋರು ಮಾಡಿದಾಗ ಅವನ ಬೆನ್ನಿಗೆ ನಿಲ್ಲುವವರು ಸಮಿತಿಯಲ್ಲಿ ಇರಬೇಕು.

ತೈವಾನಿನ ತೈಪೆಯಲ್ಲಿ ಕಸದ ಲಾರಿ ಪಿಯಾನೊ ರಾಗ ನುಡಿಸುತ್ತಾ ಗೊತ್ತಾದ ಜಾಗಕ್ಕೆ ಗೊತ್ತಾದ ವೇಳೆಗೆ ಬರುತ್ತದೆ. ಜನ ಚೀಲ ಹಿಡಿದು ಬಂದು ತಾವೇ ಹಾಕುತ್ತಾರೆ. ಕಸ ನೆಲ ಮುಟ್ಟಬಾರದು ಎಂಬುದು ಅಲ್ಲಿಯ ನಿಯಮ, ಹಾಗಾಗಿ ಬೀದಿಯ ತೊಟ್ಟಿಗಳೂ ಬಹಳ ಕಡಿಮೆ. ರಾಗವನ್ನು ನಾವೂ ತಂದಿದ್ದೇವೆ, ನಮ್ಮ ಗಾಡಿಗಳೂ ಹಾಡುತ್ತವೆ. ತರದೇ ಬಿಟ್ಟದ್ದು ವೇಳೆಯನ್ನು. ತೈಪೆಯಲ್ಲಿ ಲಾರಿ ಸಂಜೆಯ ನಂತರವೂ ಬರುವುದರಿಂದ ಕೆಲಸಕ್ಕೆ ಹೋಗುವವರಿಗೆ ತಪ್ಪುವುದಿಲ್ಲ.

ನಮ್ಮಲ್ಲಿ ಬ್ಲ್ಯಾಕ್ ಸ್ಪಾಟ್, ಅಂದರೆ ಜನ ಕಸ ತಂದು ಎಸೆಯುವ ಮೂಲೆ, ಹುಟ್ಟುವುದು ವೇಳೆ ತಪ್ಪಿದಾಗಲೇ. ರಸ್ತೆಯ ಮೂಲೆಯಲ್ಲಿ ಕಸ ಬೀಳುತ್ತಿದ್ದರೆ ಅಲ್ಲಿ ದೇವರ ಪಟ ಹಚ್ಚುವ ಮೊದಲು ಬೆಳಿಗ್ಗೆ ಆರರಿಂದ ಒಂಬತ್ತು, ರಾತ್ರಿ ಎಂಟರಿಂದ ಹನ್ನೊಂದು ಗಂಟೆಯವರೆಗೆ ಒಬ್ಬರು ನಿಂತು ನೋಡಲಿ. ಎಸೆಯುವವರ ಪಟ್ಟಿ ಸಾಮಾನ್ಯವಾಗಿ ಚಿಕ್ಕದೇ ಇರುತ್ತದೆ: ಗಾಡಿ ಬರುವ ಮುಂಚೆ ಕೆಲಸಕ್ಕೆ ಹೊರಡುವ ಬಾಡಿಗೆದಾರರು, ರಾತ್ರಿ ಅಂಗಡಿ ಮುಚ್ಚುವ ತಿಂಡಿಗಾಡಿಯವರು, ಒಂದು ಕೋಳಿ ಅಂಗಡಿ. ಇವರಿಗಾಗಿ ರಾತ್ರಿ ಒಂದು ಸುತ್ತು ಗಾಡಿ ಓಡಿಸಿ. ಕೋಳಿ ಅಂಗಡಿಯ ತ್ಯಾಜ್ಯಕ್ಕೆ ಬೇರೆಯದೇ ವ್ಯವಸ್ಥೆ ಬೇಕು, ಅದು ಕಾಂಪೋಸ್ಟಿಗೆ ಬೆರೆತರೆ ಮುಂದೆ ಹೇಳುವ ಲೆಕ್ಕವೆಲ್ಲ ಹಾಳು. ರಂಗೋಲಿ, ಹೂಕುಂಡ ಆಮೇಲೆ ಇಟ್ಟರಾಯಿತು.

3. ಹಸಿ ಕಸವನ್ನು ವಾರ್ಡಿನಾಚೆ ಕಳಿಸಬೇಡಿ

ಇದು ಇಡೀ ಕೆಲಸದ ತಿರುಳು, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಹಸಿ ಕಸ ಬೆರೆಯದಿದ್ದರೆ ಉಳಿದ ಕಸ ನಾರುವುದಿಲ್ಲ, ಒದ್ದೆಯಾಗುವುದಿಲ್ಲ, ಕಾಗದ ಕಾಗದವಾಗಿಯೇ ಮಾರಾಟವಾಗುತ್ತದೆ. ಬೆರೆತರೆ ಎರಡೂ ಹಾಳು. ಊರಾಚೆಯ ಕಸದ ಗುಡ್ಡದಲ್ಲಿ ಗಾಳಿಯಿಲ್ಲದೆ ಕೊಳೆತ ಹಸಿ ಕಸವೇ ಮೀಥೇನ್ ಅನಿಲವಾಗುತ್ತದೆ, ಅದರ ರಸವೇ ಲೀಚೆಟ್ ಆಗಿ ಬಾವಿಗೆ ಇಳಿಯುತ್ತದೆ. ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರದವರನ್ನು, ಮಂಡೂರಿನವರನ್ನು ಕೇಳಿದರೆ ಇದನ್ನು ವಿಜ್ಞಾನದ ಪಾಠವಿಲ್ಲದೆ ಹೇಳುತ್ತಾರೆ. ಹಳ್ಳಿಗರ ಹೋರಾಟದಿಂದ ಮಂಡೂರಿಗೆ ಲಾರಿಗಳು ನಿಂತದ್ದು 2014ರ ಕೊನೆಗೆ. ಬೇರೆಡೆ ಇನ್ನೂ ಭೀಕರವಾದದ್ದು ನಡೆದಿದೆ. 2017ರ ಮಾರ್ಚಿನಲ್ಲಿ ಅಡಿಸ್ ಅಬಾಬಾದ ಕೋಶೆ ಕಸದ ಗುಡ್ಡ ಕುಸಿದು 110ಕ್ಕೂ ಹೆಚ್ಚು ಜನ ಸತ್ತರು. ಮರುತಿಂಗಳೇ, ಸಿಂಹಳೀಯರ ಹೊಸವರ್ಷದ ದಿನ, ಕೊಲಂಬೊದ ಮೀತೊಟಮುಲ್ಲದಲ್ಲಿ ಇನ್ನೊಂದು ಗುಡ್ಡ ಜಾರಿ 30 ಮಂದಿಗೂ ಹೆಚ್ಚು ಬಲಿಯಾದರು.

ಕೇರಳದ ಆಲಪ್ಪುಳಕ್ಕೆ ದಾರಿ ತೋರಿಸಿದ್ದೂ ಇಂಥ ಪ್ರತಿಭಟನೆಯೇ. 2012ರಲ್ಲಿ ಸರ್ವೋದಯಪುರಂನ ಜನ ಊರಿನ ಕಸದ ಲಾರಿಗಳನ್ನು ತಡೆದರು. ಸುರಿಯಲು ಬೇರೆ ಜಾಗವಿರಲಿಲ್ಲ. ಪಟ್ಟಣದವರು ಮನೆಗಳಲ್ಲಿ ಸಣ್ಣ ಬಯೋಗ್ಯಾಸ್, ಪೈಪ್ ಕಾಂಪೋಸ್ಟ್, ಬಡಾವಣೆಗಳಲ್ಲಿ ಗಾಳಿಯಾಡುವ ಕಾಂಪೋಸ್ಟ್ ತೊಟ್ಟಿಗಳನ್ನು ಇಟ್ಟುಕೊಂಡರು. ಐದು ವರ್ಷದಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಈ ಊರನ್ನು ಮಾದರಿ ನಗರಗಳ ಸಾಲಿನಲ್ಲಿ ಹೆಸರಿಸಿತು.

ನಿಮ್ಮ ವಾರ್ಡಿನ 400 ಕೆಜಿಯನ್ನು ಹೀಗೆ ಹಂಚಿ. ಅಂಗಳವಿರುವ ಮನೆಗಳು ತಮ್ಮದನ್ನು ತಾವೇ ಮಾಡಲಿ. ದೊಡ್ಡ ಅಪಾರ್ಟ್‌ಮೆಂಟ್, ಕಲ್ಯಾಣ ಮಂಟಪ, ಹೋಟೆಲುಗಳು ತಮ್ಮ ಆವರಣದಲ್ಲೇ ಸಂಸ್ಕರಿಸಬೇಕು. ಸಗಟು ಕಸ ಉತ್ಪಾದಕರ ವಿಷಯದಲ್ಲಿ ಘನತ್ಯಾಜ್ಯ ನಿರ್ವಹಣಾ ನಿಯಮಗಳು 2016ರಲ್ಲೇ ಇದನ್ನು ಹೇಳಿದ್ದವು. ಉಳಿದದ್ದಕ್ಕೆ ಉದ್ಯಾನದ ಮೂಲೆ, ನೀರಿನ ಟ್ಯಾಂಕಿನ ಪಕ್ಕ, ಎಲ್ಲಾದರೂ ಚಾವಣಿ ಇರುವ ಜಾಗ ನೋಡಿ. ಮಳೆನೀರು ಬೀಳಬಾರದು, ನೆಲ ಸ್ವಲ್ಪ ಇಳಿಜಾರಾಗಿರಬೇಕು. ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಕಟ್ಟಿದ, ಎದೆಮಟ್ಟದ ತೊಟ್ಟಿಗಳು ಸಾಕು.

ತಳಕ್ಕೆ ಒಣಗಿದ ಎಲೆ, ಅದರ ಮೇಲೆ ಒಂದು ಗೇಣು ಹಸಿ ಕಸ, ಮತ್ತೆ ಎಲೆ, ಮೇಲೆ ಎರಡು ಹಿಡಿ ಹಳೆಯ ಗೊಬ್ಬರ ಇಲ್ಲವೇ ಸಗಣಿ ಕದಡಿದ ನೀರು. ಹೀಗೆ ಪದರ ಪದರ. ಎಲೆ ಎಷ್ಟಿರಬೇಕು ಎಂಬುದಕ್ಕೆ ಪುಸ್ತಕಗಳು ಇಂಗಾಲ–ಸಾರಜನಕದ ಪ್ರಮಾಣ 25–30ಕ್ಕೆ 1 ಎನ್ನುತ್ತವೆ. ತೊಟ್ಟಿಯ ಮುಂದೆ ನಿಂತವರಿಗೆ ಬೇಕಾದದ್ದು ಕೈಯ ಪರೀಕ್ಷೆ. ಒಳಗಿನಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿನಲ್ಲಿ ಒಂದೆರಡು ಹನಿ ಮೂಡಿ ನಿಂತರೆ ಹದ ಸರಿಯಿದೆ. ನೀರು ಧಾರೆಯಾಗಿ ಇಳಿದರೆ ಎಲೆ ಅಥವಾ ತೆಂಗಿನ ನಾರಿನ ಪುಡಿ ಸೇರಿಸಿ. ಕೈ ಬಿಚ್ಚಿದ ಕೂಡಲೇ ಪುಡಿಪುಡಿಯಾದರೆ ನೀರು ಚಿಮುಕಿಸಿ. ಮೂರು ನಾಲ್ಕು ದಿನಗಳಲ್ಲಿ ಒಳಗೆ 55ರಿಂದ 65 ಡಿಗ್ರಿ ಶಾಖ ಹುಟ್ಟುತ್ತದೆ. ಒಂದು ಕಬ್ಬಿಣದ ಸರಳನ್ನು ನಡುವೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆಯಿರಿ, ಹಿಡಿಯಲು ಆಗದಷ್ಟು ಬಿಸಿಯಾಗಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ತಣ್ಣಗಿದ್ದರೆ ರಾಶಿ ಚಿಕ್ಕದಾಯಿತು, ಒಣಗಿತು, ಇಲ್ಲವೇ ಗಾಳಿ ಸಾಲದೆ ಉಸಿರುಕಟ್ಟಿತು.

ವಾಸನೆಯೂ ಮಾತಾಡುತ್ತದೆ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಇಲ್ಲ, ತಿರುವಿ ಹಾಕಿ. ಮೂಗಿಗೆ ಚುಚ್ಚುವ ಅಮೋನಿಯದ ಘಾಟು ಬಂದರೆ ಎಲೆ ಸಾಲದು. ಬೂದುಬಣ್ಣದ ದಪ್ಪ ಹುಳುಗಳನ್ನು ಕಂಡು ಯಾರಾದರೂ ಕಿರುಚಿದರೆ ಸಮಾಧಾನ ಹೇಳಿ. ಸೋಲ್ಜರ್ ನೊಣದ ಮರಿಗಳು ಕಸವನ್ನು ಚುರುಕಾಗಿ ತಿಂದು ಮುಗಿಸುತ್ತವೆ, ಮನುಷ್ಯರಿಗೆ ರೋಗ ತರುವ ಜಾತಿಯಲ್ಲ. ಎರಡು ತಿಂಗಳ ಹೊತ್ತಿಗೆ ಕಪ್ಪಗೆ, ಮಣ್ಣಿನ ಘಮದ ಗೊಬ್ಬರ. ತೂಕ ಮೂಲದ ಕಾಲು ಭಾಗಕ್ಕೆ ಇಳಿದಿರುತ್ತದೆ.

ಒಣ ಎಲೆ ಎಲ್ಲಿಂದ? ಜನವರಿಯಿಂದ ಮಾರ್ಚಿನವರೆಗೆ ನಮ್ಮ ರಸ್ತೆಗಳಲ್ಲಿ ಗುಡಿಸಿ ಗುಡ್ಡೆ ಹಾಕಿ ಬೆಂಕಿ ಇಡುತ್ತಾರಲ್ಲ, ಅದೇ. ಆ ಮೂರು ತಿಂಗಳಲ್ಲಿ ಗೋಣಿಚೀಲದಲ್ಲಿ ತುಂಬಿಟ್ಟರೆ ವರ್ಷವಿಡೀ ಸಾಕಾಗುತ್ತದೆ. ಬೀದಿಯ ಹೊಗೆಯೂ ನಿಲ್ಲುತ್ತದೆ.

ಒಂದು ಎಚ್ಚರಿಕೆ. '24 ಗಂಟೆಯಲ್ಲಿ ಗೊಬ್ಬರ' ಎಂದು ಮಾರುವ ವಿದ್ಯುತ್ ಯಂತ್ರಗಳು ಬಹುಮಟ್ಟಿಗೆ ಮಾಡುವುದು ಕಸವನ್ನು ಕಾಯಿಸಿ, ಒಣಗಿಸಿ, ಪುಡಿಮಾಡುವ ಕೆಲಸ. ಹೊರಬರುವ ಕಂದು ಪುಡಿ ಗೊಬ್ಬರದಂತೆ ಕಾಣುತ್ತದೆ. ಅದಕ್ಕೆ ನೀರು ಹಾಕಿ ಮೂರು ದಿನ ಮುಚ್ಚಿಡಿ, ನಾರತೊಡಗುತ್ತದೆ. ಅದನ್ನು ಮತ್ತೆ ವಾರಗಟ್ಟಲೆ ಮಾಗಿಸಲೇಬೇಕು. ಮಾರುವವರ ಮುಂದೆಯೇ ಈ ಪರೀಕ್ಷೆ ಮಾಡಲು ಕೇಳಿ, ಮುಖ ನೋಡಿ ತೀರ್ಮಾನಿಸಿ.

4. ಒಣ ಕಸ: ಬಲ್ಲವರಿಗೆ ಬಿಡಿ

ಒಣ ಕಸವನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಚಿಂದಿ ಆಯುವವರು. ಹಾಲಿನ ಕವರಿಗೂ ಬಿಸ್ಕತ್ತಿನ ಕವರಿಗೂ ಇರುವ ವ್ಯತ್ಯಾಸವನ್ನು ಕಿವಿಯ ಬಳಿ ಒಮ್ಮೆ ಕಿವುಚಿ ಸದ್ದಿನಿಂದಲೇ ಹೇಳುವವರಿದ್ದಾರೆ. ಪುಣೆಯಲ್ಲಿ ಇವರು ಸಂಘಟಿತರಾಗಿ 2008ರಿಂದ 'ಸ್ವಚ್ಛ್' ಎಂಬ ಸಹಕಾರ ಸಂಘದ ಮೂಲಕ ಮನೆಮನೆಯಿಂದ ಕಸ ಸಂಗ್ರಹಿಸುತ್ತಾರೆ. ಮನೆಯವರು ತಿಂಗಳ ಶುಲ್ಕ ಕೊಡುತ್ತಾರೆ, ಮಾರಾಟದ ಹಣವೂ ಅವರಿಗೇ. ಬೆಂಗಳೂರಿನಲ್ಲಿ ಹಸಿರು ದಳ ಎಂಬ ಸಂಸ್ಥೆಯ ಜೊತೆಗಿರುವ ಆಯುವವರು ವಾರ್ಡ್ ಮಟ್ಟದ ಒಣ ಕಸ ಸಂಗ್ರಹಣಾ ಕೇಂದ್ರಗಳನ್ನು ನಡೆಸಿ ತೋರಿಸಿದ್ದಾರೆ. ಕೊಲಂಬಿಯದ ಬೊಗೊಟಾ ನಗರ ನ್ಯಾಯಾಲಯದ ಒತ್ತಡದಿಂದ 2013ರಲ್ಲಿ, ಆಯುವವರು ಸಾಗಿಸಿದ ತೂಕಕ್ಕೆ ತಕ್ಕಂತೆ ಹಣ ಕೊಡಲು ಶುರುಮಾಡಿತು. ಗುತ್ತಿಗೆದಾರನ ಲಾರಿಗೆ ಕೊಡುವ ಸಾಗಣೆ ದರ ಇವರ ತಳ್ಳುಗಾಡಿಗೂ ಸಲ್ಲಬೇಕಲ್ಲವೇ?

ನಿಮ್ಮ ವಾರ್ಡಿನಲ್ಲಿ ಈಗಾಗಲೇ ಆಯುತ್ತಿರುವವರು ಯಾರು ಎಂದು ಮೊದಲು ಪತ್ತೆಮಾಡಿ, ಗುರುತಿನ ಚೀಟಿ ಮಾಡಿಸಿಕೊಡಿ, ಮಳೆ ತಾಗದ ಒಂದು ಕೋಣೆ ಕೊಡಿ. ಮನೆಯವರಿಗೆ ಹೇಳಬೇಕಾದದ್ದು ಒಂದೇ: ಹಾಲಿನ ಕವರು, ಹೋಟೆಲಿನ ಪಾರ್ಸೆಲ್ ಡಬ್ಬಿ ಇವುಗಳನ್ನು ಪಾತ್ರೆ ತೊಳೆದ ನೀರಿನಲ್ಲೇ ಒಮ್ಮೆ ಅದ್ದಿ ಒಣಗಿಸಿ. ಜಿಡ್ಡು ಹತ್ತಿದ ಡಬ್ಬಿ ಇಡೀ ಚೀಲದ ಬೆಲೆ ಇಳಿಸುತ್ತದೆ.

ಪ್ಯಾಡು, ಡೈಪರುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಬೇರೆ ಕೊಡಬೇಕು. ಇದನ್ನು ಹೇಳಲು ಸಂಕೋಚಪಡುವ ಸಂಘಗಳಿವೆ. ಬಿಚ್ಚಿ ನೋಡುವ ಕೈಗಳಿಗೆ ಸಂಕೋಚಕ್ಕಿಂತ ದೊಡ್ಡ ತೊಂದರೆಯಿದೆ.

5. ಉಳಿದದ್ದು, ಮತ್ತು ದುಡ್ಡು

ಇಷ್ಟಾದ ಮೇಲೆ ಚಿಪ್ಸ್ ಪೊಟ್ಟಣ, ಹರಿದ ಚಪ್ಪಲಿ, ಥರ್ಮಕೋಲ್ ಉಳಿಯುತ್ತವೆ. ಪ್ರತಿದಿನ ಒಯ್ಯುವ ಅಗತ್ಯವಿಲ್ಲ. ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲಿಯಾನ 2006ರಲ್ಲಿ ಮನೆಬಾಗಿಲಿಗೆ ಬಂದು ಹಸಿ ಕಸ ಒಯ್ಯಲು ಆರಂಭಿಸಿತು. ಮುಂದೆ ಬೆರಕೆ ಕಸದ ಗಾಡಿ ಬರುವ ದಿನಗಳನ್ನು ಕಡಿತಗೊಳಿಸಿತು. ಜನ ಗೊಣಗಿದರು. ಬುಟ್ಟಿ ಬೇಗ ತುಂಬುತ್ತದೆ ಎಂಬ ಕಾರಣಕ್ಕೇ ಬೇರ್ಪಡಿಸುವುದನ್ನು ಕಲಿತರು. ಇಂದು ಅಲ್ಲಿಯ ಕಸದ ಮೂರನೆಯ ಎರಡು ಪಾಲು ಬೇರ್ಪಟ್ಟೇ ಬರುತ್ತದೆ. ಮನವೊಲಿಸುವ ಭಾಷಣಕ್ಕಿಂತ ಗಾಡಿಯ ವೇಳಾಪಟ್ಟಿ ಹೆಚ್ಚು ಕೆಲಸ ಮಾಡುತ್ತದೆ ಎಂಬ ನನ್ನ ನಂಬಿಕೆಗೆ ಲ್ಯುಬ್ಲಿಯಾನವೇ ಆಧಾರ.

ಎಷ್ಟು ಕಸವೋ ಅಷ್ಟು ಶುಲ್ಕ ಎಂಬ ಪದ್ಧತಿ ದಕ್ಷಿಣ ಕೊರಿಯಾದಲ್ಲಿ 1995ರಿಂದ ಇದೆ, ತೈಪೆಯಲ್ಲಿ 2000ದಿಂದ. ಬೆರಕೆ ಕಸವನ್ನು ಸರ್ಕಾರಿ ಚೀಲದಲ್ಲೇ ಹಾಕಬೇಕು, ಚೀಲದ ಬೆಲೆಯೇ ಶುಲ್ಕ. ಕೊರಿಯಾ 2005ರಲ್ಲಿ ಆಹಾರದ ಕಸವನ್ನು ನೆಲಭರ್ತಿಗೆ, ಅಂದರೆ ಕಸ ಹೂಳುವ ಜಾಗಕ್ಕೆ, ಹಾಕುವುದನ್ನು ನಿಲ್ಲಿಸಿತು, 2013ರಿಂದ ಅದಕ್ಕೂ ಪ್ರಮಾಣಕ್ಕೆ ತಕ್ಕ ಶುಲ್ಕ ಬಂತು. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಕಾರ್ಡ್ ತೋರಿಸಿದರೆ ಮುಚ್ಚಳ ತೆರೆದು, ಹಾಕಿದ್ದನ್ನು ತೂಗಿ ಬಿಲ್ಲು ಬರೆಯುವ ತೊಟ್ಟಿಗಳಿವೆ. ಬೆಂಗಳೂರಿನಲ್ಲಿ 2025ರಿಂದ ಆಸ್ತಿ ತೆರಿಗೆಯೊಂದಿಗೆ ಬರುತ್ತಿರುವ ಕಸ ಶುಲ್ಕ ಮನೆಗಳ ಮಟ್ಟಿಗೆ ಕಟ್ಟಡದ ವಿಸ್ತೀರ್ಣವನ್ನು ನೋಡುತ್ತದೆ. ಬೇರ್ಪಡಿಸಿದವರೂ ಬೆರೆಸಿದವರೂ ಒಂದೇ ಮೊತ್ತ ಕಟ್ಟುತ್ತಾರೆ. ಹಾಗೆಂದು ಚೀಲದ ಶುಲ್ಕವನ್ನು ನಾಳೆಯೇ ತನ್ನಿ ಎಂದು ನಾನು ಹೇಳುವುದಿಲ್ಲ. ಖಾಲಿ ನಿವೇಶನಗಳೂ ರಾಜಕಾಲುವೆಗಳೂ ಬಾಯ್ದೆರೆದು ನಿಂತಿರುವ ಊರಿನಲ್ಲಿ ಚೀಲಕ್ಕೆ ದರ ಇಟ್ಟರೆ ಕಸ ಹೋಗುವುದು ಅಲ್ಲಿಗೇ. ಎರಡನೆಯ ಹಂತದ ರಾತ್ರಿ ಸುತ್ತು ಕೆಲವು ತಿಂಗಳು ತಪ್ಪದೆ ನಡೆದ ಮೇಲೆ ಶುಲ್ಕದ ಮಾತು ತೆಗೆಯಬಹುದು.

6. ಗುತ್ತಿಗೆಯ ಕಾಗದ ಓದಿ

ಇದನ್ನು ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ತೂಕದ ಲೆಕ್ಕ ಕೈಯಲ್ಲಿಲ್ಲದೆ ಈ ಕಾಗದ ಅರ್ಥವಾಗುವುದಿಲ್ಲ. ಕಸ ಸಾಗಿಸುವವನಿಗೆ ಟನ್ನಿಗೆ ಇಷ್ಟು ಎಂದು ಹಣ ಕೊಡುವ ಗುತ್ತಿಗೆಯಲ್ಲಿ, ವಾರ್ಡಿನೊಳಗೇ ಗೊಬ್ಬರವಾದ ಪ್ರತಿ ಕೆಜಿಯೂ ಅವನಿಗೆ ನಷ್ಟ. ಮಳೆಗೆ ನೆನೆದ ಕಸ ಅವನಿಗೆ ಲಾಭ. ನಿಮ್ಮ ಕಾಂಪೋಸ್ಟ್ ತೊಟ್ಟಿಗೆ ಬರಬೇಕಾದ ಬುಟ್ಟಿ ಏಕೋ ಪದೇಪದೇ ಕಾಂಪ್ಯಾಕ್ಟರಿಗೆ, ಅಂದರೆ ಕಸ ಅದುಮಿ ತುಂಬಿಕೊಳ್ಳುವ ಲಾರಿಗೆ, ಹೋಗುತ್ತಿದ್ದರೆ ಚಾಲಕನನ್ನು ಬಯ್ಯುವ ಮೊದಲು ಈ ಷರತ್ತನ್ನು ನೋಡಿ. ಹಣ ಪಾವತಿ ಮನೆಗಳ ಸಂಖ್ಯೆಗೆ, ಬೇರ್ಪಟ್ಟು ಬಂದ ಕಸದ ಪ್ರಮಾಣಕ್ಕೆ ಹೊಂದಿಕೊಂಡಿರಬೇಕು. ಬೆರಕೆ ಕಸಕ್ಕೆ ಕಡಿತ ಇರಬೇಕು. ಗುತ್ತಿಗೆ ನವೀಕರಣಕ್ಕೆ ಬರುವ ಮುಂಚೆಯೇ ವಾರ್ಡ್ ಸಮಿತಿಯಿಂದ ಲಿಖಿತವಾಗಿ ಇದನ್ನು ಕೇಳಿ, ಏಳು ದಿನದ ತೂಕದ ಪಟ್ಟಿಯನ್ನು ಜೊತೆಗೆ ಲಗತ್ತಿಸಿ.

ಕಾಗದ ಕೊಡಲು ಕಚೇರಿ ಸತಾಯಿಸಿದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಹಾಗಾಗಿ ಗುತ್ತಿಗೆ ಒಪ್ಪಂದದ ನಕಲಿಗೆ ಒಂದು ಅರ್ಜಿ, ಕಳೆದ ಆರು ತಿಂಗಳ ತೂಕಸೇತುವೆಯ (ಲಾರಿ ತೂಗುವ ಕಟ್ಟೆಯ) ಚೀಟಿಗಳಿಗೆ ಇನ್ನೊಂದು, ಬಿಲ್ ಪಾವತಿಯ ವಿವರಕ್ಕೆ ಮತ್ತೊಂದು ಅರ್ಜಿ ಬರೆಯಿರಿ. ಚೀಟಿಗಳು ಬಂದ ಮೇಲೆ ಮೊದಲು ಮಳೆ ಬಿದ್ದ ದಿನಗಳ ಚೀಟಿಗಳನ್ನು ಬೇರೆ ತೆಗೆದು, ಒಣ ದಿನಗಳ ಚೀಟಿಗಳ ಪಕ್ಕದಲ್ಲಿಟ್ಟು ನೋಡಿ.